ಹಲ್ಲು ಸವೆದ ಕಾರ್ಡು

ನಮ್ಮ ಯಜಮಾನರು ಕುರಿ ವ್ಯಾಪಾರದಲ್ಲಿ ಒಂದು ಸಲವೂ ಮೋಸ ಹೋದವರಲ್ಲ. ಒಂದೆರಡು ಸಲ ಹೋಗಿದ್ದರೆ ನಮ್ಮ ಮನೆಗೆ ಒಳ್ಳೆಯದಾಗುತ್ತಿತ್ತು ಎಂದು ನನಗೆ ಎಷ್ಟೋ ಬಾರಿ ಅನ್ನಿಸಿದೆ. ಹರಿಯಬ್ಬೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಜಂಪಣ್ಣ ಕೈಯಿಟ್ಟ ಟಗರಿನ ಬೆಲೆ ಇಳಿಯದೆ ಇರುವುದಿಲ್ಲ ಅನ್ನುತ್ತಾರೆ. ಜಂಪಣ್ಣ ಅಂದರೆ ಇವರೇ. ಗಂಡನ ಹೆಸರು ಹೇಳಬಾರದು ಎಂದು ನಮ್ಮವ್ವ ಕಲಿಸಿ ಕಳಿಸಿದ್ದಳು. ಈಗ ಸಿಟ್ಟಿನಲ್ಲಿ ಹೇಳುತ್ತಿದ್ದೇನೆ, ಅವ್ವ ಕ್ಷಮಿಸಿಯಾಳು.

ಇವರ ವಿದ್ಯೆಯೇ ಅಂಥದ್ದು. ಬೇಕಾದ ಕುರಿಯನ್ನು ಎಂದೂ ಹೊಗಳುವುದಿಲ್ಲ. ಹಿರಿಯೂರಿನ ಸಂತೆಯಲ್ಲಿ ಒಂದು ಟಗರಿನ ಬೆನ್ನು ಮುಟ್ಟಿ, ತುಟಿ ಬಿಡಿಸಿ ನೋಡಿ, "ಥೂ, ಹಲ್ಲು ಸವೆದವೆ, ಇದನ್ಯಾರು ತಗಂತಾರೆ" ಅಂದರೆ ಸಂಜೆಗೆ ಆ ಟಗರು ನಮ್ಮ ಕುರಿ ಕೂಡುವ ರೊಪ್ಪದಲ್ಲಿ ಇರುತ್ತದೆ ಎಂದೇ ತಿಳಿಯಬೇಕು. "ಭಾಳ ಚೆನ್ನಾಗೈತೆ ಕಣಪ್ಪ, ಒಳ್ಳೇ ಮಾಲು" ಅಂದರೆ ಅದರ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಮಾತು ಒಂದು ಹದಕ್ಕೆ ಬಂದ ಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮುಂದೆ ಚಾಚುತ್ತಾರೆ. ಕುರಿಯವನು ಅದರ ಕೆಳಗೆ ಕೈ ತೂರಿಸುತ್ತಾನೆ. ಇಬ್ಬರೂ ಬೆರಳು ಒತ್ತಿ ಒತ್ತಿ ಬೆಲೆ ಹೇಳಿಕೊಳ್ಳುತ್ತಾರೆ, ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಬೆಲೆ ಕೂಡದಿದ್ದರೆ ಕೈ ಕೊಡವಿ ಹೊರಟುಬಿಡುವುದು. ನಾಲ್ಕು ಮಾರು ಹೋಗುವುದರೊಳಗೆ ಕುರಿಯವನು ಹಿಂದಿನಿಂದ ಕರೆಯುತ್ತಾನೆ, ಕರೆದೇ ಕರೆಯುತ್ತಾನೆ.

ಇವೆಲ್ಲಕ್ಕೂ ಮೇಲೆ ನಮ್ಮ ಮಾವನ ಕಾಲದಿಂದ ಬಂದ ಒಂದು ಮಾತಿದೆ: ಆಸೆಪಟ್ಟವನ ಮುಖವನ್ನು ಸಂತೆಗೆ ತರಬಾರದು. ಆಸೆ ಕಣ್ಣಿನಲ್ಲಿ ಕಂಡರೆ ಬೆಲೆ ಏರುತ್ತದೆ. ಆದ್ದರಿಂದ ಈ ಮನೆಯ ಗಂಡಸರಿಗೆ ಮೀಸೆ ಮೂಡುವ ಮೊದಲೇ ಮುಖ ಕಲ್ಲು ಮಾಡಿಕೊಳ್ಳುವುದನ್ನು ಕಲಿಸುತ್ತಾರೆ. ಸಂತೆಗೆ ಅದು ಸರಿ. ಮನೆಗೆ ಬಂದ ಮೇಲೂ ಆ ಕಲ್ಲು ಇಳಿಸದಿದ್ದರೆ ಹೆಂಡತಿಯಾದವಳು ಏನು ಮಾಡಬೇಕು?

ಬೀರೇಶ ಇವರ ತಮ್ಮ. ನಾನು ಮದುವೆಯಾಗಿ ಬಂದಾಗ ಎರಡನೇ ಕ್ಲಾಸಿನಲ್ಲಿದ್ದ. ಅತ್ತೆ ಮಾವ ಇಬ್ಬರೂ ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಅವನಿಗೆ ಅಣ್ಣನೇ ಅಪ್ಪ, ನಾನೇ ಅವ್ವ. ಹುಡುಗ ಬಂಗಾರದಂಥವನು, ಆದರೆ ಒಂದು ಕೆಟ್ಟ ಗುಣ, ಏನನ್ನೂ ಕೇಳುತ್ತಿರಲಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತರೆ ದಾರ ಕಟ್ಟಿಕೊಂಡು ಶಾಲೆಗೆ ನಡೆಯುವನು. ಸಾರು ಮುಗಿದರೆ ಬರೀ ಮುದ್ದೆ ನುಂಗಿ ಏಳುವನು. "ಅತ್ತರೆ ತಾನೇ ತಾಯಿ ಹಾಲು ಕೊಡೋದು, ಬಾಯಿಬಿಟ್ಟು ಕೇಳೋ ಮೂದೇವಿ" ಎಂದು ನಾನು ತಲೆಗೆ ಮೊಟಕಿದರೆ ನಗುವನು, ಕೇಳನು.

ಇವರಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. "ಒಡಹುಟ್ಟಿದ ತಮ್ಮ, ನನ್ ಹತ್ರ ಒಂದು ಪೆನ್ಸಿಲ್ಲೂ ಕೇಳಲ್ಲ ನೋಡು. ನಾನೇನು ಹೊರಗಿನವನಾ ಅವನಿಗೆ" ಎಂದು ನನ್ನ ಹತ್ತಿರ ಎಷ್ಟು ಸಲ ಅಂದಿದ್ದಾರೋ. ಅವನ ಹತ್ತಿರ ಮಾತ್ರ ಅನ್ನಲಿಲ್ಲ.

ಪಿಯುಸಿ ಫೇಲಾದ ಮೇಲೆ ಬೀರೇಶ ಹಿರಿಯೂರಿನಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯೊಂದರಲ್ಲಿ ಟೈಪು ಮಾಡಲು ಸೇರಿಕೊಂಡ. ಆ ಅಂಗಡಿ ಮುಚ್ಚುವಾಗ ಮಾಲೀಕರು ಒಂದು ಹಳೆಯ ಕಂಪ್ಯೂಟರನ್ನು ಅವನಿಗೇ ಕೊಟ್ಟರು. ಅದು ನಮ್ಮ ನಡುಮನೆಯಲ್ಲಿ ಉಣ್ಣೆ ಮೂಟೆಗಳ ಪಕ್ಕ ಬಂದು ಕೂತಿತು. ಅದರ ಫ್ಯಾನಿಗೆ ಉಣ್ಣೆಯ ನಾರು ಸುತ್ತಿಕೊಳ್ಳುತ್ತಿತ್ತು. ಬೀರೇಶ ಅದರ ಪಕ್ಕದ ತಗಡು ಬಿಚ್ಚಿಟ್ಟು, ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಮಗುವಿನ ಮೂಗು ಒರೆಸಿದ ಹಾಗೆ ಒರೆಸುತ್ತಿದ್ದ. ನಾನು ರೇಗಿಸುತ್ತಿದ್ದೆ, "ಕುರೀನೂ ಇಷ್ಟು ತಿಕ್ಕಲ್ಲ ಕಣೋ ನೀನು."

ಶನಿವಾರ ಭಾನುವಾರ ಚಿತ್ರದುರ್ಗಕ್ಕೆ ಹೋಗುತ್ತಿದ್ದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೇಮ್ಸ್ ಸೆಂಟರ್ ಇತ್ತು, ಹತ್ತು ಕಂಪ್ಯೂಟರುಗಳನ್ನು ತಂತಿಯಲ್ಲಿ ಒಂದಕ್ಕೊಂದು ಜೋಡಿಸಿಟ್ಟಿದ್ದರಂತೆ. ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ಕೂತು ಬಂದೂಕಿನ ಆಟ ಆಡುವುದು. ಆ ಆಟದಲ್ಲಿ ನನ್ನ ಮೈದುನನನ್ನು ಹೊಡೆಯುವವರು ದುರ್ಗದಲ್ಲೇ ಇಲ್ಲ ಎಂದು ಅವನ ಜೊತೆಯ ಹುಡುಗನೊಬ್ಬ ನಮ್ಮನೆಗೆ ಬಂದಾಗ ಹೇಳಿದ. ಬೀರೇಶ ನಾಚಿಕೊಂಡು ಹೊರಗೆ ಹೋಗಿಬಿಟ್ಟ. ಆ ಹುಡುಗನೇ ಹೇಳಿದ್ದು, ದಾವಣಗೆರೆಯ ಒಂದು ಕಾಲೇಜಿನಲ್ಲಿ ಸ್ಪರ್ಧೆ ಇದೆ, ದುರ್ಗದಿಂದ ನಾಲ್ವರ ತಂಡ ಹೋಗುತ್ತದೆ, ಬೀರೇಶನೇ ಅದಕ್ಕೆ ಮುಂದಾಳು. ಆದರೆ ವಾರಕ್ಕೆರಡು ದಿನ ಆಡಿದರೆ ಸಾಲದು, ಮನೆಯಲ್ಲೂ ದಿನಾ ಕೈ ಪಳಗಿಸಬೇಕು.

ಮನೆಯ ಕಂಪ್ಯೂಟರಿನಲ್ಲಿ ಅದು ಆಗುತ್ತಿರಲಿಲ್ಲ. ಯಾಕೆ ಎಂದು ಅವನು ನನಗೆ ಒಮ್ಮೆ ತೋರಿಸಿದ. ಆಟದಲ್ಲಿ ಯಾರೋ ಹೊಗೆಯ ಡಬ್ಬಿ ಎಸೆಯುತ್ತಾರೆ, ಪರದೆಯ ತುಂಬ ಬೂದು ಹೊಗೆ. ಹೊಗೆ ಬಂದ ಕೂಡಲೇ ನಮ್ಮ ಕಂಪ್ಯೂಟರ್ ತಡವರಿಸಿ ನಿಂತುಬಿಡುತ್ತಿತ್ತು. ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ಇವನು ಸತ್ತು ಬಿದ್ದಿರುತ್ತಿದ್ದ.

"ಇದಕ್ಕೇನು ಬೇಕು ಹಂಗಾದ್ರೆ?" ಎಂದೆ.

"ಎರಡರಲ್ಲಿ ಒಂದು ಅತ್ತಿಗೆ. ರ್‍ಯಾಮು ಇಲ್ಲ ಕಾರ್ಡು" ಎಂದ. ಅವತ್ತಿನಿಂದ ಒಂದು ತಿಂಗಳು ನನ್ನ ಒಲೆಯ ಮುಂದೆ ಕೂತು ಅದೇ ಮಾತು. ರ್‍ಯಾಮು ಅಂದರೆ ಮೇಯುವ ಬಯಲು, ಅಗಲವಾದಷ್ಟೂ ಕುರಿ ನುಗ್ಗಾಡದೆ ಮೇಯುತ್ತವೆ. ಗ್ರಾಫಿಕ್ಸ್ ಕಾರ್ಡು ಅಂದರೆ ಕಣ್ಣು. ಬಯಲು ಎಷ್ಟಿದ್ದರೇನು, ಕಣ್ಣು ಮಂಜಾದರೆ ತೋಳ ಬಂದದ್ದು ಕಾಣುವುದಿಲ್ಲ. ಬಯಲು ಸ್ವಲ್ಪ ಇಕ್ಕಟ್ಟಾದರೂ ಪರವಾಗಿಲ್ಲ, ಕಣ್ಣೇ ಮೊದಲು ಎಂದು ನಾವಿಬ್ಬರೂ ಸೇರಿ ತೀರ್ಮಾನ ಮಾಡಿದೆವು. ಅವನು ದುರ್ಗದ ಒಂದು ಅಂಗಡಿಯಲ್ಲಿ ಕಾರ್ಡು ನೋಡಿಟ್ಟು ಬಂದಿದ್ದ. ಡಬ್ಬಿಯ ಮೇಲೆ ರೆಕ್ಕೆ ಬಿಚ್ಚಿದ ಗಿಡುಗದ ಚಿತ್ರವಿದೆ ಎಂದ. ಕರೆಂಟು ಕೊಡುವ ಪೆಟ್ಟಿಗೆ ಅದನ್ನು ತಡೆಯುತ್ತದೋ ಇಲ್ಲವೋ ಅದನ್ನೂ ಕೇಳಿಕೊಂಡು ಬಂದಿದ್ದ. ಟಾರ್ಚು ಹಿಡಿದು ಕಂಪ್ಯೂಟರಿನ ಹೊಟ್ಟೆಯೊಳಗೆ ತೋರಿಸಿದ. "ಈ ಬಿಳೀವು ಬ್ಯಾರೆ. ಈ ಕಂದು ಬಣ್ಣದ ಸ್ಲಾಟು ಐತಲ್ಲ ಅತ್ತಿಗೆ, ಇದರಲ್ಲಿ ಕೂರಿಸೋದು. ಖಾಲಿ ಬಿದ್ದೈತೆ ನೋಡು, ಅದಕ್ಕೇ ಕಾಯ್ತಾ ಇರಂಗೆ." ಒಂದು ಗೇಣಿಗಿಂತ ಕಡಿಮೆ ಉದ್ದದ ಸಣ್ಣ ಸೀಳು ಅದು. ಅವನು ಅದನ್ನೂ ಬ್ರಷ್ಷಿನಲ್ಲಿ ಒರೆಸಿ ಇಟ್ಟಿದ್ದ.

"ಅಣ್ಣನ್ನ ಕೇಳು" ಎಂದೆ.

"ಬ್ಯಾಡ ಬಿಡು."

"ಕೇಳ್ದಿದ್ರೆ ನನ್ ಕೈಯ ಅನ್ನ ಮುಟ್ಟಬ್ಯಾಡ" ಎಂದೆ. ಹಾಗೆ ಜೋರು ಮಾಡದಿದ್ದರೆ ಅವನು ಕೇಳುವ ಜಾತಿಯಲ್ಲ.

ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ರೊಪ್ಪದಲ್ಲಿ ಕುರಿಗಳ ಗೊರಸು ಕತ್ತರಿಸುತ್ತಿದ್ದರು. ಬೀರೇಶ ಒಂದು ಟಗರಿನ ಕಾಲು ಹಿಡಿದುಕೊಂಡು, ಅದರ ಗೊರಸನ್ನೇ ನೋಡುತ್ತ ಹೇಳಿದ, "ಅಣ್ಣ, ನಂಗೊಂದು ಕಾರ್ಡು ಬೇಕಿತ್ತು. ಕಂಪ್ಯೂಟರಿಗೆ."

ಇವರ ಕೈಯ ಕತ್ತರಿ ನಿಂತಿತು. ನಾನು ಬಾಗಿಲ ಹಿಂದೆ ಇದ್ದೆ. ಹದಿಮೂರು ವರ್ಷ ಕಾದಿದ್ದ ಮಾತು ಅದು. ನನ್ನ ಗಂಡ ಎದ್ದು ತಮ್ಮನ ಬೆನ್ನು ತಟ್ಟುತ್ತಾರೆ ಅಂದುಕೊಂಡೆ. "ನೋಡಾಣ, ಕಾಲು ಸರಿಯಾಗಿ ಹಿಡಿ" ಎಂದರು, ಅಷ್ಟೇ. ಆದರೆ ಒಳಗೆ ಬಂದವರು ಟ್ರಂಕು ತೆಗೆದು ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ಹುಡುಕಲು ಕೂತರು. "ಕೇಳ್ದ ಕಣೆ" ಎಂದರು ನನಗೆ. ಕಣ್ಣಲ್ಲಿ ನೀರಿತ್ತು. ಆ ಮುಖವನ್ನು ಹೊರಗೆ ಅಂಗಳದಲ್ಲಿ ಇದ್ದವನಿಗೆ ತೋರಿಸಿ ಬರ್ರಿ ಎಂದರೆ, "ಸುಮ್ನಿರು, ನಾಳೆ ವ್ಯಾಪಾರಕ್ಕೆ ಹೋಗಬೇಕು" ಎಂದರು.

ನಾನೂ ಅವರ ಜೊತೆ ಹೊರಟೆ. ಮೈದುನ ಮೊದಲ ಸಲ ಕೇಳಿದ್ದನ್ನು ಕೊಡಿಸುವುದನ್ನು ಕಣ್ಣಾರೆ ನೋಡಬೇಕಿತ್ತು. ಮಗಳು ಮೋನಿಕಾಳನ್ನು ಪಕ್ಕದ ಮನೆ ತಿಪ್ಪಮ್ಮನ ಹತ್ತಿರ ಬಿಟ್ಟು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಇವರು ತಮ್ಮನಿಗೆ ಪಾಠ ಹೇಳಿದರು. "ಅಂಗಡೀಲಿ ಬಾಯಿ ಬಿಡಬ್ಯಾಡ. ಅದನ್ನ ನೋಡಬ್ಯಾಡ. ಬ್ಯಾರೆ ಕಡೆ ನೋಡ್ತಾ ನಿಂತ್ಕ, ಹೊಟ್ಟೆನೋವು ಬಂದೋನ ಹಂಗೆ. ನಾನು ಹೊರಡು ಅಂದ್ರೆ ಹೊರಡಬೇಕು, ತಿರುಗಿ ನೋಡಬಾರದು."

"ಅಣ್ಣ, ಅದು ಸಂತೆ ಅಲ್ಲ. ಅಲ್ಲಿ ಫಿಕ್ಸ್ ರೇಟು" ಎಂದ ಬೀರೇಶ.

"ಎಲ್ಲಾ ಸಂತೇನೇ ಕಣಲೇ. ಬೋರ್ಡು ಬರ್ಸಿದ್ ಮಾತ್ರಕ್ಕೆ ಹೊಟ್ಟೆ ಹಸಿಯಲ್ವಾ ಅವನಿಗೆ?"

ಅಂಗಡಿ ಮಹಡಿಯ ಮೇಲಿತ್ತು. ಮಾಲೀಕ ಚೇತನ್‌ಕುಮಾರ್ ಇನ್ನೂ ಮೂವತ್ತು ದಾಟದವನು, ಕನ್ನಡಕ ಹಾಕಿಕೊಂಡು ಒಳ್ಳೆಯ ಮಾತಿನಲ್ಲೇ "ಬರ್ರಿ, ಕುಂತ್ಕಳ್ರಿ" ಎಂದ. ಬೀರೇಶನನ್ನು ನೋಡಿ ನಕ್ಕ. ಬೀರೇಶ ನಗಲಿಲ್ಲ, ಕಲಿತ ಪಾಠದಂತೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ. ಗಿಡುಗದ ಚಿತ್ರದ ಡಬ್ಬಿ ಬಂತು. ಒಳಗಿನ ಕಾರ್ಡನ್ನು ಇವರು ಅಂಗೈ ಮೇಲಿಟ್ಟು ತೂಗಿದರು, ತಿರುಗಿಸಿದರು. ಹಸಿರು ಹಲಗೆ, ಮಧ್ಯೆ ಪುಟ್ಟ ಫ್ಯಾನು, ಕೆಳಗಿನ ಅಂಚಿನಲ್ಲಿ ಸಾಲಾಗಿ ಹೊಳೆಯುವ ಬಂಗಾರದ ಬಣ್ಣದ ಹಲ್ಲುಗಳು. ನನಗೇ ಕಣ್ಣು ಕೀಳಲಾಗಲಿಲ್ಲ.

"ಹಲ್ಲು ಸವೆದಂಗವೆ" ಎಂದರು ಇವರು.

"ಹೊಸ ಪೀಸು ಸಾರ್ ಅದು" ಎಂದ ಚೇತನ್‌ಕುಮಾರ್.

"ಫ್ಯಾನು ಭಾಳ ಸಣ್ಣದು. ಬೆನ್ನಲ್ಲಿ ಮಾಂಸ ಇಲ್ಲ. ಇಂಥದ್ದನ್ನ ಯಾರು ತಗಂತಾರೆ?"

ಹುಡುಗ ಕಕ್ಕಾಬಿಕ್ಕಿಯಾಗಿ ಬೀರೇಶನ ಮುಖ ನೋಡಿದ. ಬೀರೇಶನ ಮುಖ ಕ್ಯಾಲೆಂಡರಿನ ಕಡೆಗಿತ್ತು. ಅವನ ಬಲಗೈ ಮಾತ್ರ ಪ್ಯಾಂಟಿನ ಜೇಬಿನೊಳಗೆ ಮುಷ್ಟಿಯಾಗಿತ್ತು, ಅದು ನನ್ನ ಕಡೆಗಿದ್ದದ್ದರಿಂದ ನನಗೆ ಕಂಡಿತು. ಚೇತನ್‌ಕುಮಾರ್ ಬೆಲೆ ಹೇಳಿದ. ಆ ಬೆಲೆಗೆ ಎರಡು ಒಳ್ಳೆಯ ಮರಿ ಬರುತ್ತಿದ್ದವು. ಕೊಡಲಾರದ್ದೇನಲ್ಲ, ಇವರು ಅದಕ್ಕಿಂತ ಹೆಚ್ಚೇ ಇಟ್ಟುಕೊಂಡು ಬಂದಿದ್ದರು. ಆದರೆ ಹೇಳಿದ ಬೆಲೆಗೆ ತಂದರೆ ಜಂಪಣ್ಣ ಹೇಗಾದಾರು? ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಚಾಚಿದರು, ಅದರ ಕೆಳಗೆ ಕೈಯಿಟ್ಟರು.

"ಏನ್ ಸಾರ್ ಇದು?" ಎಂದ ಹುಡುಗ.

"ಕೈ ಕೊಡಪ್ಪ."

ಅವನು ನಕ್ಕ. ಕೆಟ್ಟ ನಗುವಲ್ಲ, ಏನೂ ತಿಳಿಯದವನ ನಗು. "ಇಲ್ಲಿ ಅವೆಲ್ಲ ಇಲ್ಲ ಸಾರ್, ಒಂದೇ ರೇಟು" ಎಂದು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಟವೆಲ್ಲಿನ ಕೆಳಗೆ ಇವರ ಕೈಯೊಂದೇ ಉಳಿಯಿತು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಹೊರಡಲೇ" ಎಂದರು.

ನಾವು ಮೆಟ್ಟಿಲು ಇಳಿದೆವು. ಇವರು ಒಂದೊಂದು ಮೆಟ್ಟಿಲಿಗೂ ನಿಧಾನ ಮಾಡಿದರು, ಕೆಳಗೆ ಬಂದು ಬೀಡಿ ಹಚ್ಚಿದರು. ಮೇಲಿನಿಂದ ಯಾರೂ ಕರೆಯಲಿಲ್ಲ. ಪಾಪ, ಅವನಿಗೇನು ಗೊತ್ತು ಕರೆಯಬೇಕೆಂದು? ಬೀರೇಶ ತಿರುಗಿ ನೋಡಬಾರದು ಅಂದಿದ್ದರಲ್ಲ, ನೋಡಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ವಾಪಸ್ ಹೋಗಾಣ ನಡೀರಿ. ದುಡ್ಡು ತಂದಿದೀರಿ, ಕೇಳಿದಷ್ಟು ಕೊಟ್ಟು ತಗಂಡು ಬರ್ರಿ. ಹುಡುಗ ಹುಟ್ಟಿದಾಗಿನಿಂದ ಒಂದು ಕೇಳೌನೆ" ಎಂದು ನಾಲ್ಕು ಜನ ತಿರುಗಿ ನೋಡುವಂತೆ ಅಂದೆ.

"ಬಿಟ್ಟು ಬಂದ ಮಾಲಿಗೆ ತಿರುಗಿ ಹೋದ್ರೆ ಚರ್ಮ ಸುಲೀತಾರೆ. ನಿಂಗೇನು ಗೊತ್ತು ಸುಮ್ನಿರು" ಎಂದರು. ಆದರೆ ಹಾಗಂದು ತಮ್ಮನ ಮುಖ ನೋಡಿದರು. ಅವನು ಒಂದು ಮಾತು, ಬೇಕು ಅಣ್ಣ ಎಂದು ಒಂದೇ ಒಂದು ಮಾತು ಅಂದಿದ್ದರೆ ಈ ಮನುಷ್ಯ ಓಡಿ ಹೋಗಿ ತರುತ್ತಿದ್ದರು. ದೇವರಾಣೆಗೂ ತರುತ್ತಿದ್ದರು, ನನಗೆ ಗೊತ್ತು.

ಬೀರೇಶ ಹೇಳಿದ್ದು ಹೀಗೆ: "ಇರ್ಲಿ ಬಿಡತ್ತಿಗೆ. ಕಾರ್ಡೇನೋ ಭಾಳ ಚೆನ್ನಾಗಿತ್ತು."

ಹೊಗಳಿದ. ಇವರ ಮುಖ ಇಳಿಯಿತು. ಬೇಡದ ಮಾಲನ್ನು ತಾನೇ ಈ ಮನೆಯವರು ಹೊಗಳುವುದು? "ನೋಡಿದ್ಯಾ, ಅವನಿಗೇ ಅಷ್ಟಾಗಿ ಬೇಕಿರ್ಲಿಲ್ಲ" ಎಂದು ನನ್ನ ಕಿವಿಯಲ್ಲಿ ಅಂದರು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಮುಂದಿನ ಸೀಟಿನ ಕಂಬಿಯ ಮೇಲೆ ಅಣ್ಣ ತಮ್ಮಂದಿರ ಕೈಗಳು ಪಕ್ಕಪಕ್ಕದಲ್ಲೇ ಇದ್ದವು. ಹರಿಯಬ್ಬೆ ಬರುವವರೆಗೂ ಒಂದಕ್ಕೊಂದು ತಾಗಲಿಲ್ಲ.

ಬೀರೇಶ ಆಮೇಲೆ ನನ್ನ ಹತ್ತಿರ ಒಂದೇ ಸಲ ಬಾಯಿಬಿಟ್ಟ. "ಅಣ್ಣನಿಗೆ ಕೊಡ್ಸೋ ಮನಸ್ಸಿರ್ಲಿಲ್ಲ ಅತ್ತಿಗೆ. ಅದಕ್ಕೇ ಅದನ್ನ ಹಂಗೆ ಹೀಯಾಳಿಸಿದ. ಇಲ್ಲ ಅನ್ನಾಕೆ ಆಗ್ದೆ ಟವೆಲ್ ಹಾಸಿದ" ಎಂದ.

"ಅಯ್ಯೋ ಹುಚ್ಚಪ್ಪ, ಅವರು ಬೇಕಾದ್ದನ್ನೇ ಬಯ್ಯೋದು ಅಂತ ನಿಂಗೊತ್ತಿಲ್ವಾ?"

"ಕುರೀನ ಬಯ್ತಾನೆ. ಇದು ಕುರಿ ಅಲ್ವಲ್ಲ" ಎಂದ. "ಇನ್ನೊಂದ್ ಸಲ ಕೇಳೋ" ಎಂದರೆ, "ಒಂದ್ಸಲ ಕೇಳ್ದೆ, ಸಾಕು" ಎಂದು ಎದ್ದು ಹೋದ. ಇದನ್ನು ಹಾಗೇ ಇವರಿಗೆ ಮುಟ್ಟಿಸಿದೆ. "ನನ್ ಬಗ್ಗೆ ಹಂಗಂದ್ನಾ" ಎಂದು ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಕುರಿ ಔಷಧಿ ತರಬೇಕು ಎಂದು ದುರ್ಗಕ್ಕೆ ಹೋಗಿ ಬಂದರು. ಔಷಧಿ ಹಿರಿಯೂರಿನಲ್ಲೇ ಸಿಗುತ್ತಿತ್ತು. ನನಗೆ ಆಗ ಅದು ಹೊಳೆಯಲಿಲ್ಲ.

ದಾವಣಗೆರೆಗೆ ಬೇರೆ ಹುಡುಗನನ್ನು ಕರೆದುಕೊಂಡು ಹೋಗಿ ಎಂದು ಬೀರೇಶ ಹೇಳಿ ಕಳಿಸಿದ. ಅವರು ಎರಡನೇ ಸುತ್ತಿಗೇ ಸೋತು ಬಂದರಂತೆ. "ಹೊಗೇಲಿ ಸಿಕ್ಕಾಕ್ಕಂಡ್ರಂತೆ" ಎಂದ, ಅದನ್ನೂ ನಗುತ್ತಲೇ ಹೇಳಿದ. ಯುಗಾದಿ ಕಳೆದ ಮೇಲೆ ಹೊಸದುರ್ಗದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸಕ್ಕೆ ಸೇರಿದ. ಕಂಪ್ಯೂಟರನ್ನು ಅಲ್ಲಿಗೇ ಕೊಟ್ಟುಬಿಟ್ಟ. ಆಟ ಬಿಟ್ಟ. ಹಬ್ಬಕ್ಕೆ ಬರುವನು, ಬರುವಾಗ ನನಗೆ ಸೀರೆ, ಅಣ್ಣನಿಗೆ ಅಂಗಿ ತರುವನು. ತರುವುದರಲ್ಲಿ ಎಂದೂ ಕಡಿಮೆ ಮಾಡಲಿಲ್ಲ. ನೆಂಟರ ಮನೆಗೆ ಬಂದವರು ಹಾಗೆ ತರುತ್ತಾರೆ. ಇನ್ನೊಂದು ಮುದ್ದೆ ಹಾಕಲೇನೋ ಅಂದರೆ ಸಾಕು ಅನ್ನುತ್ತಿದ್ದ. ಅವನು ಬಸ್ಸು ಹತ್ತಿದ ಮೇಲೆ ಇವರು ರೊಪ್ಪದ ಬಾಗಿಲಲ್ಲಿ ನಿಂತು, "ಏನಾರ ಕೇಳಿದ್ನಾ?" ಎಂದು ನನ್ನನ್ನು ಕೇಳುವರು. ಇಲ್ಲ ಅಂದರೆ ಟವೆಲ್ ಕೊಡವಿಕೊಂಡು ಒಳಗೆ ಹೋಗುವರು. ಇಬ್ಬರ ಬಾಯಿಗೂ ಬೀಗ ಹಾಕಿ ಕೀಲಿಯನ್ನು ವಾಣಿವಿಲಾಸ ಸಾಗರಕ್ಕೆ ಎಸೆದವರು ಯಾರೋ, ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಹೀಗೇ ಐದು ವರ್ಷ ಹೋಯಿತು. ಮೋನಿಕಾ ಎಸ್ಸೆಸ್ಸೆಲ್ಸಿ ಪಾಸಾದಳು. ನನ್ನ ಮಗಳಿಗೆ ಈ ಮನೆಯ ಕಲ್ಲು ಮುಖ ಬಂದಿಲ್ಲ, ನನ್ನ ಬಾಯಿ ಬಂದಿದೆ. ರಿಸಲ್ಟು ಬಂದ ದಿನವೇ ಚಿಕ್ಕಪ್ಪನಿಗೆ ಫೋನು ಮಾಡಿ, "ನಂಗೆ ಕಂಪ್ಯೂಟರ್ ಬೇಕು, ತಗಂಡು ಬಾ" ಎಂದಳು. ಕೇಳುವುದು ಅಷ್ಟು ಸುಲಭ ಎಂದು ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಬೀರೇಶ ಹೊಸದುರ್ಗದಲ್ಲಿ ತನ್ನದೇ ಸಣ್ಣ ಅಂಗಡಿ ಇಟ್ಟು ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದ. ಮರು ಭಾನುವಾರ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ಜಗಲಿಯ ಮೇಲೆ ಚಾಪೆ ಹಾಸಿ ಒಂದೊಂದೇ ಬಿಚ್ಚಿದ. ಈ ಬೋರ್ಡು ಯಾಕೆ, ಈ ಪ್ರೊಸೆಸರು ಯಾಕೆ, ರ್‍ಯಾಮು ಯಾಕೆ ಒಂದರ ಬದಲು ಎರಡು ಎಂದು ಮೋನಿಕಾಳಿಗೆ ಹೇಳುತ್ತ ಕೂತ. ಅವನು ಅಷ್ಟು ಮಾತಾಡಿದ್ದನ್ನು ನಾನು ನನ್ನ ಒಲೆಯ ಮುಂದೆ ಕಂಡದ್ದೇ ಕಡೆ. ಇವರು ಕಂಬಕ್ಕೆ ಒರಗಿ ಕೂತಿದ್ದರು.

"ಇದರಲ್ಲಿ ಗೇಮ್ ಆಡಬೋದಾ ಚಿಕ್ಕಪ್ಪ?" ಎಂದಳು ಮೋನಿಕಾ.

"ಸಣ್ಣಪುಟ್ಟವು ಆಡಬೋದು. ದೊಡ್ಡವಕ್ಕೆ ಕಾರ್ಡು ಬೇಕು. ಆಮೇಲೆ ನೋಡಾಣ."

ಕಾರ್ಡು ಅನ್ನುವ ಮಾತು ಕೇಳಿದ್ದೇ ಇವರು ಎದ್ದರು. ಒಳಗೆ ಟ್ರಂಕಿನ ಮುಚ್ಚಳದ ಸದ್ದಾಯಿತು. ಕಂಬಳಿಯ ತುಂಡಿನಲ್ಲಿ ಸುತ್ತಿದ್ದ ಏನನ್ನೋ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ತಮ್ಮನ ಮುಂದೆ ಇಟ್ಟರು. "ಇದನ್ನ ಹಾಕು" ಎಂದರು.

ಬೀರೇಶ ಕಂಬಳಿ ಬಿಡಿಸಿದ. ಗಿಡುಗದ ಚಿತ್ರದ ಡಬ್ಬಿ. ಅಂಚಿನ ಅಂಟುಪಟ್ಟಿಯನ್ನೂ ಯಾರೂ ಕಿತ್ತಿರಲಿಲ್ಲ.

"ಯಾವಾಗ ತಂದೆ ಇದನ್ನ?" ಎಂದ.

"ಅದೇ ವಾರ. ಔಷಧಿಗೆ ಹೋದಾಗ."

"ಎಷ್ಟಕ್ಕೆ ಕೊಟ್ಟ?"

"ಹೇಳಿದಷ್ಟೇ ಕೊಟ್ಟು ತಂದೆ" ಎಂದರು ಇವರು ನೆಲ ನೋಡುತ್ತ. ಜೀವಮಾನದಲ್ಲಿ ಒಂದು ಸಲ ಹೇಳಿದ ಬೆಲೆಗೆ ತಂದ ಮಾಲು ಅದು. ಆ ನಾಚಿಕೆಗೇ ನನಗೂ ಹೇಳಿರಲಿಲ್ಲ.

"ಯಾಕಣ್ಣ ಕೊಡ್ಲಿಲ್ಲ?"

"ನೀನು ಚೆನ್ನಾಗಿತ್ತು ಅಂದ್ಬಿಟ್ಟೆ. ಬ್ಯಾಡೇನೋ ಅನ್ಕಂಡೆ. ಇನ್ನೊಂದ್ಸಲ ಕೇಳ್ತೀಯ ಅಂತ ಇಟ್ಟಿದ್ದೆ."

ಬೀರೇಶ ಡಬ್ಬಿ ತೆರೆದು ಕಾರ್ಡು ಹೊರತೆಗೆದ. ಬಂಗಾರದ ಹಲ್ಲುಗಳು ಹಾಗೇ ಹೊಳೆಯುತ್ತಿದ್ದವು. ನಾನು ಬಗ್ಗಿ, ಚಾಪೆಯ ಮೇಲಿದ್ದ ಹೊಸ ಬೋರ್ಡಿನಲ್ಲಿ ಕಂದು ಬಣ್ಣದ ಸ್ಲಾಟು ಹುಡುಕಿದೆ. ಬಿಳಿಯದಿತ್ತು, ನೀಲಿಯದಿತ್ತು. ಆ ಕಡೆಯಿಂದ ಈ ಕಡೆಯವರೆಗೂ ನೋಡಿದೆ, ಕಂದು ಇರಲಿಲ್ಲ. ಓದು ಬಾರದ ನನಗೂ ಆಗಲೇ ತಿಳಿಯಿತು.

"ಹಾಕು ಮತ್ತೆ, ಯಾಕೆ ಕುಂತೆ?" ಎಂದರು ಇವರು.

ಬೀರೇಶ ಸುಳ್ಳು ಹೇಳಬಹುದಿತ್ತು. ಆಮೇಲೆ ಹಾಕುತ್ತೇನೆ ಎಂದು ಚೀಲಕ್ಕೆ ಸೇರಿಸಬಹುದಿತ್ತು. ಆದರೆ ಅವನು ಅಣ್ಣನ ಮುಖ ನೋಡಿ, ಮೆಲ್ಲಗೆ ಹೇಳಿದ. "ಇದು ಕೂರೋ ಸ್ಲಾಟು ಈಗಿನ ಬೋರ್ಡಲ್ಲಿ ಬರಲ್ಲಣ್ಣ. ಅದನ್ನ ಮಾಡೋದೇ ಬಿಟ್ಟವ್ರೆ. ನನ್ ಹಳೇ ಕಂಪ್ಯೂಟರಲ್ಲಿ ಇತ್ತು."

"ಎಲ್ಲೂ ಕೂರಲ್ವಾ?"

"ಇಲ್ಲ."

ಇವರು ಕಂಬ ಹಿಡಿದು ನಿಧಾನವಾಗಿ ಕೂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವರ ಮುಖ ನೋಡಿ ನುಂಗಿಕೊಂಡೆ. ಸಂತೆಯಲ್ಲಿ ಯಾರೂ ನೋಡಿರದ ಮುಖ ಅದು, ಏನೊಂದೂ ಮುಚ್ಚಿರಲಿಲ್ಲ. ಮೋನಿಕಾ ಏನೋ ಕೇಳಲು ಬಾಯಿ ತೆರೆದಳು, ನಾನು ಅವಳ ತೋಳು ಹಿಡಿದು ಸುಮ್ಮನಾಗಿಸಿದೆ.

ಆಗ ಬೀರೇಶ ಆ ಕಾರ್ಡನ್ನು ಅಂಗೈ ಮೇಲಿಟ್ಟು ತೂಗಿದ. ತಿರುಗಿಸಿ ನೋಡಿದ. ಮೂಗು ಮುರಿದ.

"ಹಲ್ಲು ಸವೆದವೆ ಅಣ್ಣ" ಎಂದ.

ಇವರು ತಲೆಯೆತ್ತಿದರು.

"ಫ್ಯಾನು ಭಾಳ ಸಣ್ಣದು. ಬೆನ್ನಲ್ಲಿ ಮಾಂಸ ಇಲ್ಲ" ಎಂದ ಬೀರೇಶ. "ಇಂಥದ್ದನ್ನ ಯಾರು ತಗಂತಾರೆ?"

ನನ್ನ ಗಂಡನಿಗೆ ಆ ಭಾಷೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇವರ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಬಿಡಿಸಿ, ತಮ್ಮನ ಮುಂದೆ ಚಾಚಿದರು. ಬೀರೇಶ ಅದರ ಕೆಳಗೆ ಕೈ ತೂರಿಸಿದ. ಇಬ್ಬರೂ ಹಾಗೇ ಕೂತರು, ಬಹಳ ಹೊತ್ತು. ಇಷ್ಟು ಹೊತ್ತು ನಡೆದ ವ್ಯಾಪಾರವನ್ನು ನಾನು ಹಿರಿಯೂರಿನ ಸಂತೆಯಲ್ಲೂ ನೋಡಿಲ್ಲ. ಕೊನೆಗೆ ಕೈ ಬಿಟ್ಟರು. ಬೀರೇಶ ಕಾರ್ಡನ್ನು ಮತ್ತೆ ಕಂಬಳಿಯ ತುಂಡಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಇಟ್ಟುಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ, "ಅತ್ತಿಗೆ, ಇನ್ನೊಂದು ಮುದ್ದೆ ಹಾಕು" ಎಂದ. ನಾನು ಸೌಟು ತರುವ ನೆವದಲ್ಲಿ ಒಳಗೆ ಹೋಗಿ ಅತ್ತು ಬಂದೆ. ಸಂಜೆಯ ಬಸ್ಸಿಗೆ ಅವನು ಹೊರಟ. ಮೋನಿಕಾ ಆಟ ಕಲಿಸಿಕೊಡು ಅಂದದ್ದಕ್ಕೆ, ಕೈ ಮರೆತುಹೋಗಿದೆ ಎಂದ. ಅದು ಮಾತ್ರ ನಿಜ. ಅವನಿಗೆ ಆಗ ಇಪ್ಪತ್ತು, ಆ ಕೈ ಆಗಿನದು. ಅದನ್ನು ತಂದುಕೊಡುವ ಅಂಗಡಿ ಎಲ್ಲೂ ಇಲ್ಲ.

ಅವನನ್ನು ಬಸ್ಸು ಹತ್ತಿಸಿ ಬಂದು ಇವರು ರೊಪ್ಪದ ಬಾಗಿಲಲ್ಲಿ ನಿಂತಾಗ ನಾನೇ ಕೇಳಿದೆ, "ಎಷ್ಟಕ್ಕೆ ಮುಗೀತು ವ್ಯಾಪಾರ?"

ಟವೆಲ್ಲಿನ ಕೆಳಗಿನ ಮಾತನ್ನು ಇವರು ಯಾರಿಗೂ ಹೇಳುವವರಲ್ಲ. ಅವತ್ತು ಹೇಳಿದರು. "ಅವನು ಬೆರಳೇ ಒತ್ತಲಿಲ್ಲ ಕಣೆ. ಸುಮ್ಕೆ ಹಿಡ್ಕಂಡಿದ್ದ. ನಾನೂ ಹಿಡ್ಕಂಡಿದ್ದೆ." ಟವೆಲ್ ಸರಿಮಾಡಿಕೊಳ್ಳುತ್ತ ಅಂದರು, "ಇಷ್ಟೇ ಅಂತ ಗೊತ್ತಿದ್ರೆ ಅವತ್ತು ಬಸ್ಸಲ್ಲೇ ಹಿಡ್ಕಂತಿದ್ದೆ."

ಯಾವ ಮಾತಿಗೂ ತಿರುಗಿ ಹೇಳದೆ ಬಿಡದವಳು ನಾನು. ಅವತ್ತು ಕುರಿಗಳಿಗೆ ನೀರಿಡಲು ಹೋದೆ.